ಹನ್ನೆರಡನೇ ಕ್ಯಾಮೆರಾ

ಬುಧವಾರ, ಬೆಳಿಗ್ಗೆ

ನನ್ನ ಮುಂಗೋಪಿಗೆ,

ಫೋನ್ ಎತ್ತುವುದಿಲ್ಲ ಅಂತ ಹಟ ಹಿಡಿದಿದ್ದೀಯ, ಅದಕ್ಕೇ ಜೀಪಿನವನ ಕೈಯಲ್ಲಿ ಈ ಕಾಗದ. ಹರಿದು ಎಸೆಯುವ ಮೊದಲು ಇಷ್ಟು ಓದು: ಅಪ್ಪ ಕಾಣುತ್ತಿಲ್ಲ. ನಿನ್ನೆ ನಾನು ಸ್ನಾನಕ್ಕೆ ಹೋಗಿದ್ದಾಗ ಬಾಗಿಲು ತೆರೆದು ಹೊರಟುಹೋಗಿಬಿಟ್ಟರು. ಮೈಮೇಲೆ ನೀನು ಬಿಟ್ಟುಹೋದ ಕಂದು ಕಂಬಳಿ.

ಪೊಲೀಸರು ರಸ್ತೆಯೆಲ್ಲಾ ಹುಡುಕಿದರು. ಜೋಳ ಆಳೆತ್ತರ ಬೆಳೆದಿದೆ, ಒಳಗೆ ಹೊಕ್ಕವರು ಪಕ್ಕದ ಸಾಲಿನವರಿಗೂ ಕಾಣುವುದಿಲ್ಲ. ಹೊಲದಲ್ಲಿ ಕ್ಯಾಮೆರಾ ಕಟ್ಟಿ ಕಾಡುಪ್ರಾಣಿ ಎಣಿಸುವವರು ನಾವು. ಹಂದಿ, ನರಿ, ಮೊಲ ಎಷ್ಟಿವೆ ಅಂದರೆ ಥಟ್ಟನೆ ಅಂದಾಜು ಹೇಳುತ್ತೇನೆ; ಹೆತ್ತಪ್ಪ ಎಲ್ಲಿ ಅಂದರೆ ಬೆಬ್ಬೆಬ್ಬೆ. ಅತ್ತು ಅತ್ತು ಈಗ ನಗು ಬರುತ್ತಿದೆ ಕಣೋ.

ಯಾವುದೋ ಕ್ಯಾಮೆರಾದ ಮುಂದೆ ಅಪ್ಪ ಹಾದಿರಲೇಬೇಕು. ಆದರೆ ಜನರ ಚಿತ್ರ ಇಟ್ಟುಕೊಳ್ಳುವುದಿಲ್ಲ ಅಂತ ಹೊಲದವರಿಗೆ ಮಾತು ಕೊಟ್ಟವನು ನೀನು. ಮನುಷ್ಯ ಅಂತ ಕಂಡರೆ ಸಾಕು, ಕಂಪ್ಯೂಟರೇ ಅಳಿಸಿಹಾಕುತ್ತದೆ. ಅದನ್ನು ನಿಲ್ಲಿಸುವ ಪಾಸ್‌ವರ್ಡ್ ನಿನ್ನ ಹತ್ತಿರ. ಪ್ರಾಣಿಗಳ ದಾರಿಯಲ್ಲೇ ಕಟ್ಟಿದರೆ ಲೆಕ್ಕ ಸುಳ್ಳಾಗುತ್ತದೆ ಅಂತ ಚೀಟಿ ಎತ್ತಿ ಜಾಗ ಆರಿಸಿದೆಯಲ್ಲ, ಯಾವ ಕ್ಯಾಮೆರಾ ಎಲ್ಲಿದೆ ಅನ್ನುವ ಆ ನಕ್ಷೆಯನ್ನೂ ಹೊತ್ತುಕೊಂಡು ಹೋದೆ. ನನಗೆ ಉಳಿದದ್ದು ಬರೀ ನಂಬರುಗಳು.

ಇನ್ನೊಂದು ಮಾತು. ನೀನು ಮನೆ ಬಿಟ್ಟೆ ಅಂತ ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಅಳಿಯಂದ್ರು ಎಲ್ಲಮ್ಮಾ, ಊಟಕ್ಕೆ ಬರ್ಲಿಲ್ವಲ್ಲಾ ಅಂತ ದಿನಾ ಕೇಳೋರು. ಕ್ಯಾಮೆರಾ ಹತ್ರ ಇದಾರಪ್ಪಾ, ಬರ್ತಾರೆ ಅನ್ನುತ್ತಿದ್ದೆ. ಎಲ್ಲವನ್ನೂ ಮರೆಯುವ ಮನುಷ್ಯ, ಇದೊಂದನ್ನು ಮಾತ್ರ ಮರೆಯಲಿಲ್ಲ.

ನನ್ನ ಮೇಲಿನ ಸಿಟ್ಟು ಆಮೇಲೆ ತೀರಿಸಿಕೋ. ನಿನ್ನ ಕಾಲಿಗೆ ಬೀಳುತ್ತೇನೆ, ಪಾಸ್‌ವರ್ಡ್ ಬರೆದುಕೊಡು, ನಕ್ಷೆ ಕಳಿಸು.

ಇನ್ನೂ ನಿನ್ನವಳೇ ಆದ
ಜಗಳಗಂಟಿ

ತಾ.ಕ.: ಜೀಪಿನವನು ಚಕ್ರಕ್ಕೆ ಗಾಳಿ ತುಂಬುತ್ತಿದ್ದಾನೆ. ಕೈ ಸುಮ್ಮನಿರದೆ ಇವತ್ತು ಬಂದ ಚಿತ್ರಗಳನ್ನು ತೆರೆದೆ. ಹನ್ನೆರಡನೇ ಕ್ಯಾಮೆರಾ, ಈಗಷ್ಟೇ ಬೆಳಕು ಹರಿದಾಗಿನದು. ಕಾಡುಹಂದಿ, ಒಂದು ಅಂತ ಕಂಪ್ಯೂಟರ್ ಬರೆದಿದೆ. ಹಂದಿಯಲ್ಲ ಕಣೋ, ನಿನ್ನ ಕಂಬಳಿ. ಅಪ್ಪ ಮಗುವಿನ ಹಾಗೆ ಅಂಬೆಗಾಲಿಟ್ಟುಕೊಂಡು ಕ್ಯಾಮೆರಾದ ಹತ್ತಿರಕ್ಕೇ ಬಂದಿದ್ದಾರೆ. ಬಾಯಿ ತೆರೆದಿದೆ, ನಿನ್ನನ್ನೇ ಕರೆಯುತ್ತಿರಬೇಕು. ಪಾಸ್‌ವರ್ಡ್ ಬೇಡ. ನಕ್ಷೆ ಕಳಿಸಬೇಡ, ಇದೇ ಜೀಪಿನಲ್ಲಿ ನೀನೇ ಬಾ.