ನೋಟರಿಯ ಏಳು ಪೆನ್ನುಗಳು

ಮಾರ್ಚ್ 6, 1961, ಸೋಮವಾರ

ಏಳೂ ಪೆನ್ನು ತೊಳೆದಾಯಿತು. ತಣ್ಣೀರೇ ಬೇಕು — ಬಿಸಿನೀರು ತಾಗಿದರೆ ಕಪ್ಪು ಪೆನ್ನುಗಳ ಮೈ ಕಂದು ಬಣ್ಣಕ್ಕೆ ತಿರುಗುತ್ತದೆ. ಹಸಿರು ಪೆನ್ನಿನಲ್ಲಿ ಶಾಯಿ ಒಣಗಿ ಗಟ್ಟಿಯಾಗಿತ್ತು. ಒಳಗಿನ ರಬ್ಬರ್ ಚೀಲವನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಅಂತೂ ನೀರು ತಿಳಿಯಾಯಿತು. ಒರೆಸಿ, ಶಾಯಿ ತುಂಬಿ, ಬರೆದು ನೋಡಿದೆ. ನೋಟರಿ ದೋನ್ ಆನ್ಸೆಲ್ಮೊ ಅವರ ಸಹಿ. ಬೇರೇನೂ ಬರೆಯುವಂತಿಲ್ಲ.

"ನಿಬ್ಬು ನನ್ನ ಕೈಗೆ ಪಳಗಿದೆ, ನೆಲಿದಾ. ಅದರ ದಾರಿ ತಪ್ಪಿಸ್ಬೇಡ" ಅಂತ ಮೊದಲ ದಿನವೇ ಹೇಳಿದ್ದರು. ಮೊಂತೆವಿದೆಯೊದ ಈ ನೋಟರಿ ಕಚೇರಿಗೆ ಸೇರಿ ಹನ್ನೊಂದು ವರ್ಷ.

ಮಾರ್ಚ್ 10, ಶುಕ್ರವಾರ

ಅವರ ಕೈ ನಡುಗಿತು. ಕ್ರಯಪತ್ರದ ಮೇಲೆ ಶಾಯಿ ಚೆಲ್ಲಿತು. ಈ ವಾರ ಮೂರನೆಯದು. ಬಾಗಿಲು ಮುಚ್ಚಿ ಪೆನ್ನನ್ನು ನನ್ನತ್ತ ಚಾಚಿದರು.

"ಇದೊಂದ್ ಸಲ, ತಾಯಿ. ಹೊರಗೆ ಜನ ಕಾಯ್ತಿದ್ದಾರೆ."

ಅವರ ಸಹಿ ಹಾಕಿದೆ. ಕನ್ನಡಕ ಏರಿಸಿ ನೋಡಿದರು. "ಅಯ್ಯೋ, ನನಗಿಂತ ಚೆನ್ನಾಗಿ ಹಾಕ್ತೀಯಲ್ಲೇ!"

ನನಗೂ ನಗು ಬಂತು. ಆಮೇಲೆ ನಾಚಿಕೆ.

ಏಪ್ರಿಲ್ 21, ಶುಕ್ರವಾರ

"ಇದೊಂದ್ ಸಲ" ಅನ್ನುವುದನ್ನೂ ಬಿಟ್ಟಿದ್ದಾರೆ. ಕಡತ ತಂದಿಡುತ್ತಾರೆ, ಅಷ್ಟೇ. ಓದುವುದಕ್ಕೂ ಬಿಡುವುದಿಲ್ಲ.

ಸಾಲ್ತೊ ಊರಿನ ಅಕ್ಕ ಕರೆಯುತ್ತಿದ್ದಾಳೆ, ಕೆಲಸ ಬಿಡುತ್ತೇನೆ ಎಂದೆ. ದೋನ್ ಆನ್ಸೆಲ್ಮೊ ಮಾಟೆ ಎಲೆಯ ಕಷಾಯ ಹೀರುತ್ತ ಕೂತಿದ್ದರು.

"ಹೋಗಮ್ಮ, ತಡೆಯೋಕೆ ನಾನ್ಯಾರು? ಆದ್ರೆ ಆ ಸಹಿಗಳೆಲ್ಲ ನಿನ್ನ ಕೈಯವು. ನೀನು ಇಲ್ಲಿರೋ ತನಕ ಅವು ನನ್ನವು. ಹೋದ್ಯೋ..."

ಬೆದರಿಕೆಯ ದನಿಯೇ ಅಲ್ಲ. ಅದೇ ಮಾಟೆಯನ್ನು ನನಗೂ ಕೊಟ್ಟರು. ಕುಡಿದೆ. ಬರಲಾಗದು ಎಂದು ಅಕ್ಕನಿಗೆ ಬರೆದೆ.

ಮೇ 16, ಮಂಗಳವಾರ

ಎಲ್ವಿರಾ ಎಂಬ ಮುದುಕಿ ಕೋಲೂರಿಕೊಂಡು ಬಂದರು. ಅವರ ಮನೆಯನ್ನು ತಮ್ಮನೇ ಮಾರಿಬಿಟ್ಟಿದ್ದಾನೆ. ಅಕ್ಕ ಖುದ್ದಾಗಿ ಬಂದು ಒಪ್ಪಿದಳೆಂದು ಪತ್ರದಲ್ಲಿದೆ, ಕೆಳಗೆ ನೋಟರಿಯ ಸಹಿ. ಆ ತಮ್ಮ, ದೋನ್ ಆನ್ಸೆಲ್ಮೊ ಅವರ ಇಸ್ಪೀಟಿನ ಗೆಳೆಯ.

"ಆವತ್ತು ನಾನು ಆಸ್ಪತ್ರೇಲಿ ಬಿದ್ದಿದ್ದೆ, ಸ್ವಾಮಿ! ನಿಮ್ಮ ಮುಖ ನೋಡ್ತಿರೋದೇ ಇವತ್ತು."

"ನನ್ನ ಸಹಿ ಇದೆಯಲ್ಲಮ್ಮ."

ಮುದುಕಿ ನನ್ನತ್ತ ತಿರುಗಿದರು. "ನೀನಾದ್ರೂ ಹೇಳು ಮಗಳೇ, ನಾನು ಬಂದಿದ್ನಾ?"

ಪೆನ್ನು ಒರೆಸುತ್ತಲೇ ಇದ್ದೆ.

ಮೇ 22, ಸೋಮವಾರ

ಗುರುವಾರ ನ್ಯಾಯಾಧೀಶರ ಮುಂದೆ ಎಲ್ವಿರಾ ಅವರ ದೂರಿನ ವಿಚಾರಣೆ. ಸಹಿ ಹಾಕಿ ತೋರಿಸಿ ಎಂದು ದೋನ್ ಆನ್ಸೆಲ್ಮೊ ಅವರನ್ನು ಕೇಳಿದರೆ? ಆಗಲೇ ಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದಾರೆ. ಮೆಟ್ಟಿಲಲ್ಲಿ ಜಾರಿದರಂತೆ. ಮುದುಕಿ ಬಂದದ್ದನ್ನು ಕಂಡೆ ಎಂದು ನಾನು ಪ್ರಮಾಣ ಮಾಡಬೇಕಂತೆ.

"ನಾನು ಮುಳುಗಿದ್ರೆ ನಿನ್ನನ್ನ ದಡಕ್ಕೆ ಎಳೆಯೋರು ಯಾರಿದ್ದಾರೆ, ಹೇಳು?"



ಮೇ 25, ಗುರುವಾರ, ಸಂಜೆ 4

ಪ್ರಮಾಣ ಮಾಡಿದೆ.

"ಈಕೆ ಕಚೇರಿಗೆ ಬಂದಿದ್ರಾ?" ನ್ಯಾಯಾಧೀಶರು ಕೇಳಿದರು.

"ಇಲ್ಲ."

"ನೋಟರಿ ಸಹಿ ಹಾಕಿದ್ದನ್ನ ನೋಡಿದ್ರಾ?"

ಕಾಗದ ಕೇಳಿದೆ. ಎಲ್ಲರೆದುರಿಗೆ ಆ ಸಹಿ ಹಾಕಿ ನ್ಯಾಯಾಧೀಶರ ಮುಂದಿಟ್ಟೆ. ಬೆರಳು ಒಂದಿಷ್ಟೂ ನಡುಗಲಿಲ್ಲ. ದೋನ್ ಆನ್ಸೆಲ್ಮೊ ತಮ್ಮ ಬ್ಯಾಂಡೇಜನ್ನೇ ನೋಡುತ್ತ ಕೂತರು.

ಪತ್ರ ರದ್ದಾಯಿತು. ಎಲ್ವಿರಾ ಅವರ ಮನೆ ಉಳಿಯಿತು. ದೋನ್ ಆನ್ಸೆಲ್ಮೊ ಅವರ ಮೇಲೂ ನನ್ನ ಮೇಲೂ ಮೊಕದ್ದಮೆ. ನಾನು ಊರು ಬಿಡುವಂತಿಲ್ಲ.

ಮೆಟ್ಟಿಲ ಹತ್ತಿರ ಮುದುಕಿ ನಿಂತಿದ್ದರು. ಕಾಲಿಗೆ ಬೀಳೋಣವೆನಿಸಿತು.

"ದೇವರು ನಿನ್ನ ಕ್ಷಮಿಸಲಿ, ಮಗಳೇ. ನನಗೆ ಇನ್ನೂ ಸ್ವಲ್ಪ ದಿನ ಬೇಕು."

ಮೇ 28, ಭಾನುವಾರ

ನಾಳೆ ನನ್ನ ಹೇಳಿಕೆ ಕೊಡಬೇಕು. ಬರೆದಾಗಿದೆ, ಐದು ಪುಟ. ಏನನ್ನೂ ಮುಚ್ಚಿಟ್ಟಿಲ್ಲ. ಕೊನೆಗೆ ನನ್ನ ಹೆಸರಲ್ಲಿ ಸಹಿ — ಅದೊಂದೇ ಬಾಕಿ.

ಕೈ ತಾನಾಗಿಯೇ ದೋನ್ ಆನ್ಸೆಲ್ಮೊ ಅವರ ಸಹಿಯ ದೊಡ್ಡ 'ಆ' ಎಳೆಯಿತು. ಹರಿದೆ. ಆ ಪುಟ ಮತ್ತೆ ಬರೆದೆ. ಮತ್ತೂ ಅದೇ 'ಆ'. ಅತ್ತುಬಿಟ್ಟೆ.

ಈಗ ಪೆನ್ನನ್ನು ಎಡಗೈಯಲ್ಲಿ ಹಿಡಿದಿದ್ದೇನೆ. ಒಂದನೇ ಕ್ಲಾಸಿನ ಮಗುವಿನ ಹಾಗೆ, ಒಂದೊಂದೇ ಅಕ್ಷರ. ಈ ಡೈರಿಯಲ್ಲೇ ಮೊದಲು ನನ್ನ ಹೆಸರು ಬರೆದು ನೋಡುತ್ತೇನೆ —

ನೆ... ಲಿ...