ಕಿನಾಕೊ ಪೊರೆ ಬಿಟ್ಟ ಚಳಿಗಾಲ

ಡಿಸೆಂಬರ್ 17

ನೀರು ಬದಲಿಸಿದೆ. ಕೆಳಗಿನ ಕಾಗದ ಬದಲಿಸಿದೆ. ಕಿನಾಕೊ ಪೆಟ್ಟಿಗೆಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಬಿದ್ದಿದ್ದಾಳೆ. ಹುರಿದ ಸೋಯಾ ಹಿಟ್ಟಿನ ಬಣ್ಣ ನೋಡಿ ಇಟ್ಟ ಹೆಸರು. ಈಗ ಬರೀ ಬೂದಿ ಬಣ್ಣ. ಪೊರೆ ಅರ್ಧ ಬಿಟ್ಟಿದೆ, ಅರ್ಧ ಮೈಗೇ ಅಂಟಿದೆ. ಎಡಗಣ್ಣಿನ ಮೇಲಿನದೂ ಹೋಗಿಲ್ಲ. ಇಷ್ಟು ವರ್ಷ ಕಾಲುಚೀಲ ತೆಗೆದ ಹಾಗೆ ಒಂದೇ ತುಂಡಾಗಿ ಕಳಚುತ್ತಿದ್ದಳು...

ದಿನವಿಡೀ ಅಂಗಡಿಯಲ್ಲಿ ಹಳೆ ಹೊಲಿಗೆ ಬಿಚ್ಚುವ ಕೈ ನನ್ನದು. ಆ ಕಣ್ಣಿನ ಅಂಚಿಗೆ ಚಿಮಟ ಹಾಕಿ ಎಳೆದುಬಿಡೋಣ ಅನ್ನಿಸುತ್ತದೆ. ಎಳೆಯಬಾರದು. ಕಣ್ಣೇ ಹೋದೀತು. ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಡುವುದು, ಒದ್ದೆ ಟವೆಲ್ಲಿನ ಮೇಲೆ ಹರಿಯಬಿಡುವುದು. ಬಂದಷ್ಟು ಬರಲಿ.

ಹಿಸಾನೊ ಅಕ್ಕ ಬಾಗಿಲಲ್ಲೇ ನಿಂತು ಇಣುಕಿದಳು. ಹೊಸ್ತಿಲು ದಾಟುವುದಿಲ್ಲ. ಹಾವೆಂದರೆ ಅಷ್ಟು ಭಯ.

"ಸತ್ತುಹೋಯ್ತೇನೇ ಮಿಯೊ?"

"ಇಲ್ಲ."

"ಮತ್ತೆ ಯಾಕೆ ಹಂಗೆ ಬಿದ್ಕೊಂಡಿದೆ?"

"ಕೆಲಸ ಹೋದಾಗ ನೀನು ವಾರವಿಡೀ ಬಿದ್ಕೊಂಡಿರ್ಲಿಲ್ವಾ, ಹಂಗೆ."

ಹೇಳಿ ನಾಲಿಗೆ ಕಚ್ಚಿಕೊಂಡೆ. ಅವಳು ಅಡುಗೆ ಮಾಡುತ್ತಿದ್ದ ಹಾಸ್ಟೆಲ್ ಮುಚ್ಚಿದ್ದೇ ಕೆಲಸವೂ ಹೋಯಿತು, ಕೋಣೆಯೂ ಹೋಯಿತು. ಅಕ್ಟೋಬರಿನಿಂದ ಇಲ್ಲೇ ಇದ್ದಾಳೆ. ಪುಣ್ಯಕ್ಕೆ ನಕ್ಕಳು.

ತಿಂಗಳ ಮೊದಲಲ್ಲಿ ಅವಳ ಒದ್ದೆ ಬಟ್ಟೆಗಳನ್ನೆಲ್ಲ ಈ ಕೋಣೆಯಿಂದ ಆಚೆ ಹಾಕಿಸಿದೆ. ಈಗ ಕೋಣೆ ಕೋಣೆಯ ಹಾಗಿದೆ. ಹೀಟರ್ ಹಾಕಿದರೆ ಕಾಗದ ಗರಿಗರಿ.

ಡಿಸೆಂಬರ್ 20

ಬೆನ್ನಿನದು ಸ್ವಲ್ಪ ಬಂತು. ಹೊಟ್ಟೆ ಕಡೆ ಇನ್ನೂ ಹಾಗೇ. ವರ್ಷದ ಕೊನೆ, ಅಂಗಡಿಯಲ್ಲಿ ಕೋಟುಗಳ ಗುಡ್ಡೆ. ಮನೆಗೆ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ, ಆಮೇಲೆ ಇವಳ ಸ್ನಾನ. ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಾಳೆ. ನೀರು ಎಷ್ಟು ಬಿಸಿ, ಎಷ್ಟು ಆಳ ಎಂದೆಲ್ಲ ವಿಚಾರಿಸಿದಳು. ಮಾತಿಗೆ ಕೇಳುತ್ತಿದ್ದಾಳೆ ಅಂದುಕೊಂಡೆ.

ಡಿಸೆಂಬರ್ 22, ಸಂಜೆ

ಕೋಪ ಇನ್ನೂ ಇಳಿದಿಲ್ಲ. ಬರೆದರಾದರೂ ಇಳಿಯುತ್ತದೇನೋ.

ಇವತ್ತು ವರ್ಷದ ಅತಿ ಚಿಕ್ಕ ಹಗಲು. ತೊಟ್ಟಿಯಲ್ಲಿ ಯುಜು ನಿಂಬೆ ತೇಲಿಬಿಟ್ಟು ಸ್ನಾನ, ಊಟಕ್ಕೆ ಕುಂಬಳಕಾಯಿ, ಅದೇ ವಾಡಿಕೆ. ಬಾಗಿಲು ತೆಗೆದರೆ ಮನೆ ತುಂಬ ಘಮ. ಅಕ್ಕ ಕೈಗೆ ರಬ್ಬರ್ ಗವಸು ಹಾಕಿಕೊಂಡು, ಮುಖ ಅರಳಿಸಿಕೊಂಡು ನಿಂತಿದ್ದಾಳೆ.

"ಇವತ್ತು ನೀನು ಹೋಗಿ ಕೂತ್ಕೊ. ಅವಳ ಸ್ನಾನ ಆಯ್ತು."

"ಯಾರದ್ದು?"

"ಕಿನಾಕೊದು. ನಾನೇ ಎತ್ತಿದೆ. ಕಣ್ಣು ಮುಚ್ಕೊಂಡು ಎತ್ತಿದೆ, ಆದ್ರೂ ಎತ್ತಿದೆ."

ನೀರು ಎಲ್ಲಿಂದ ಎಂದು ಕೇಳಿದೆ. ತೊಟ್ಟಿಯದೇ. ಕೈಯದ್ದಿ ನೋಡಿ ಆರಿಸಿದ್ದಾಳೆ, ಹೊಟ್ಟೆ ಮುಳುಗುವಷ್ಟೇ ಹಾಕಿದ್ದಾಳೆ, ನಾನು ಹೇಳಿದ್ದೆಲ್ಲ ಸರಿಯಾಗಿ ಮಾಡಿದ್ದಾಳೆ. ಮೇಲಿಂದ ಎರಡು ಯುಜು ಹೆಚ್ಚಿ ಹಿಂಡಿದ್ದಾಳೆ! ಚಳಿಗಾಲವೆಲ್ಲ ಮೈ ಚೆನ್ನಾಗಿರಲಿ ಅಂತ.

ಮುಚ್ಚಳ ತೆಗೆದೆ. ಹೊಟ್ಟೆಯ ಹುರುಪೆಗಳೆಲ್ಲ ಕೆಂಪಗೆ. ಪೊರೆ ಈಗಷ್ಟೇ ಕಳಚಿದ ಜಾಗ ಇನ್ನಷ್ಟು ಕೆಂಪು. ಕಿನಾಕೊ ತಲೆ ಎತ್ತಿ ಎತ್ತಿ ಗೋಡೆಗೆ ಉಜ್ಜುತ್ತಿದ್ದಳು. ಬೇರೆ ನೀರು ಹಾಕಿ ತೊಳೆದೆ, ಮತ್ತೆ ತೊಳೆದೆ. ತೊಳೆಯುತ್ತಲೇ ಬೈದೆ. ಸಿಪ್ಪೆಯ ಎಣ್ಣೆ ಹಾವಿನ ಮೈಗೆ ಉರಿ ಅಂತ ಗೊತ್ತಾಗಲ್ವಾ, ನಿನ್ನನ್ನ ಯಾರು ಕೇಳಿದ್ದು, ನೀನು ಬಂದಾಗಿನಿಂದ ಈ ಮನೆಯಲ್ಲಿ ಒಂದೂ ನೆಟ್ಟಗಿಲ್ಲ... ಕೊನೆಯದು ಹೇಳಬಾರದಿತ್ತು.

ಅಕ್ಕ ಗವಸು ಕಳಚಿ ಸಿಂಕಿನ ಪಕ್ಕ ಇಟ್ಟು ಒಳಗೆ ಹೋದಳು. ಕುಂಬಳಕಾಯಿ ಒಲೆಯ ಮೇಲೇ ಆರಿದೆ.

ಡಿಸೆಂಬರ್ 23

ಬೆಳಿಗ್ಗೆ ಹೊಟ್ಟೆಯ ಮೇಲೆ ಗುಳ್ಳೆ. ಸಣ್ಣವು, ನೀರು ತುಂಬಿದವು. ಅಂಗಡಿಗೆ ಫೋನ್ ಮಾಡಿ ರಜೆ ಹೇಳಿ ಡಾಕ್ಟರ್ ಕರಸಾವಾ ಹತ್ತಿರ ಓಡಿದೆ. ಅವರು ಅರ್ಜೆಂಟ್ ಮಾಡುವವರಲ್ಲ. ಕನ್ನಡಕ ಏರಿಸಿಕೊಂಡು ಒಂದೊಂದೇ ಹುರುಪೆ ನೋಡಿದರು.

"ಮೇಲ್ಮೇಲಿನ ಗಾಯ. ವಾಸಿಯಾಗುತ್ತೆ. ಕೀವು ಆಗೋಕೆ ಬಿಡಬೇಡಿ. ಕೆಳಗೆ ಹಾಸೋದು ಒಣಗಿರ್ಲಿ, ದಿನಾ ಬದಲಿಸಿ. ಅಯೋಡಿನ್ ನೀರು ತಿಳಿ ಟೀ ಬಣ್ಣಕ್ಕೆ ಬಂದ್ರೆ ಸಾಕು, ಅದ್ರಲ್ಲಿ ಒರೆಸಿ, ಆಮೇಲೆ ಮುಲಾಮು."

"ಕಣ್ಣು?"

"ಮುಟ್ಟಬೇಡಿ. ಮುಂದಿನ ಪೊರೆ ಜೊತೆ ಬರಬಹುದು. ಬರದಿದ್ರೆ, ಒಳಗೆ ಕೀವಾದ್ರೆ, ಆ ಕಣ್ಣು ಉಳಿಯೋದು ಕಷ್ಟ." ಪೆನ್ನು ಕೆಳಗಿಟ್ಟರು. "ಅಲ್ಲ, ಮೊದಲು ಪೊರೆ ಅಂಟಿದ್ದು ಯಾಕೆ? ಗಾಳಿ ಒಣಗಿದ್ರೆ ಹೀಗಾಗುತ್ತೆ. ಈ ತಿಂಗಳು ಕೋಣೇಲಿ ಏನಾದ್ರೂ ಬದಲಾಯಿಸಿದ್ರಾ?"

ಏನೂ ಇಲ್ಲ ಅಂದೆ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಹೊಳೆಯಿತು. ಬಟ್ಟೆ. ಅಕ್ಟೋಬರಿನಿಂದ ಆ ಒಣ ಕೋಣೆಗೆ ತೇವ ಕೊಡುತ್ತಿದ್ದದ್ದು ಅಕ್ಕನ ಒದ್ದೆ ಬಟ್ಟೆ; ಅದಿದೆಯೆಂದು ಹಿಂದಿನ ಚಳಿಗಾಲಗಳ ಹಾಗೆ ಹೀಟರ್ ಮೇಲೆ ನೀರಿನ ಪಾತ್ರೆ ಇಟ್ಟಿರಲಿಲ್ಲ. ಆಚೆ ಹಾಕಿಸಿದವಳು ನಾನು.

ಮನೆಗೆ ಬಂದರೆ ಅಕ್ಕ ಶಾಂತವಾಗಿ ಹೇಳಿದಳು, "ಸಾಯೊ ಇದ್ದಾಳಲ್ಲ, ನಗಾನೊದಲ್ಲಿ ಅವಳ ಮನೇಲಿ ಒಂದು ಕೋಣೆ ಖಾಲಿ ಇದ್ಯಂತೆ. ಫೆಬ್ರವರೀಲಿ ಹೋಗ್ತೀನಿ." ಸಾಯೊ ಅವಳ ಹಾಸ್ಟೆಲ್ಲಿನ ಗೆಳತಿ.

"ಸರಿ" ಅಂದೆ.

ಏನು ಸರಿ? ಅವಳು ಹೋಗುವುದು ನನಗೆ ಬೇಡ. ಬೇಡವೇ ಬೇಡ. ಇಲ್ಲಿ ಬರೆಯಲು ಬರುತ್ತದೆ, ಬಾಯಲ್ಲಿ ಬರುವುದಿಲ್ಲ.

ಡಿಸೆಂಬರ್ 24

ಅಕ್ಕನ ಒದ್ದೆ ಬಟ್ಟೆಯ ಬುಟ್ಟಿ ನಾನೇ ಎತ್ತಿಕೊಂಡು ಬಂದು ಈ ಕೋಣೆಯಲ್ಲಿ ಹಗ್ಗ ಕಟ್ಟಿದೆ.

"ಇದೇನೇ ಇದು?"

"ಡಾಕ್ಟರ್ ಹೇಳಿದ್ರು. ಕೆಳಗೆ ಒಣಗಿರ್ಬೇಕಂತೆ, ಗಾಳಿ ಒಣಗಬಾರದಂತೆ." ಆಮೇಲೆ, ಅವಳ ಮುಖ ನೋಡದೆ, "ಪೊರೆ ಅಂಟಿದ್ದು ನನ್ನಿಂದ. ನಿನ್ನ ಬಟ್ಟೆ ಆಚೆ ಹಾಕಿಸಿದ್ದಕ್ಕೆ."

ಅಕ್ಕ ಕ್ಲಿಪ್ಪು ಎತ್ತಿಕೊಟ್ಟಳು. ಹೋಗುವುದಿಲ್ಲ ಎಂದೇನೂ ಹೇಳಲಿಲ್ಲ.

ಜನವರಿ 6

ಹೊಸ ವರ್ಷ ಬಂತು, ಹೋಯಿತು. ಬರೆಯಲು ಪುರುಸೊತ್ತಿಲ್ಲ. ಬೆಳಿಗ್ಗೆ ಸಂಜೆ ಒರೆಸುವುದು, ಹಚ್ಚುವುದು. ಗುಳ್ಳೆ ಒಡೆದು ಒಣಗಿವೆ. ಕೀವಿಲ್ಲ. ಹುರುಪೆಯ ಅಂಚು ಕಂದು.

ಒಬ್ಬಳೇ ಆದರೆ ಕಿನಾಕೊ ಕೈಯಿಂದ ಜಾರುತ್ತಾಳೆ. ಅಕ್ಕ ಹೊಸ್ತಿಲಲ್ಲಿ ಚಡಪಡಿಸುತ್ತಿದ್ದವಳು ಇವತ್ತು ದಾಟಿ ಬಂದು ಬಾಲ ಹಿಡಿದಳು. ಗವಸು ಇಲ್ಲ.

"ಲೋಳೆ ಲೋಳೆ ಇರುತ್ತೆ ಅಂದ್ಕೊಂಡಿದ್ದೆ ಕಣೇ. ಏನೂ ಇಲ್ವಲ್ಲ."

"ಲೋಳೆ ಇರೋಕೆ ಅದೇನು ಮೀನಾ?"

"ನಿನ್ನ ಬಾಯಿಗೂ ಇದೇ ಮುಲಾಮು ಹಚ್ಚಬೇಕು ನೋಡು."

ಜನವರಿ 19

ಕಿನಾಕೊ ಇಲಿ ತಿಂದಳು! ಪೊರೆ ಅಂಟಿದಾಗಿನಿಂದ ಇದೇ ಮೊದಲು. ಹೆಪ್ಪುಗಟ್ಟಿದ್ದ ಇಲಿ ಕರಗಿಸಿದ್ದು ಅಕ್ಕ. ಫ್ರೀಜರಿನಲ್ಲಿ ತನ್ನ ಐಸ್‌ಕ್ರೀಮಿನ ಪಕ್ಕದಲ್ಲಿ ಇಲಿಗಳ ಡಬ್ಬಿ ಇಷ್ಟು ದಿನವೂ ಇತ್ತೆಂದು ಅವಳಿಗೆ ಇವತ್ತೇ ಗೊತ್ತಾದದ್ದು. ಬೈದಳು, ಆಮೇಲೆ ಐಸ್‌ಕ್ರೀಮೂ ತಿಂದಳು.

ಅವಳ ಸೂಟ್‌ಕೇಸ್ ನಡುಮನೆಗೆ ಬಂದಿದೆ. ದಿನಕ್ಕೊಂದೊಂದು ಬಟ್ಟೆ ಅದರೊಳಗೆ ಸೇರುತ್ತಿದೆ. ನಾನು ಪಕ್ಕದಲ್ಲೇ ಹಾದು ಹೋಗುತ್ತೇನೆ.

ಜನವರಿ 30

ಕಣ್ಣು ನೀಲಿಯಾಗಿವೆ. ಮೈ ಮಬ್ಬು, ಮತ್ತೆ ಪೊರೆ ಬಿಡುವ ಗುರುತು. ಗಾಯವಾದ ಹಾವು ಬೇಗ ಪೊರೆ ಬಿಡುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಫೋನ್ ಮಾಡಿದೆ. ಗಾಯ ಮುಚ್ಚಿದ್ದರೆ ಈಗ ಒದ್ದೆ ಪಾಚಿ ಹಾಕಿದ ಡಬ್ಬಿ ಒಳಗಿಡಿ, ಅವಳೇ ಹೋಗಿ ಕೂರುತ್ತಾಳೆ, ನೀವು ದೂರ ಇರಿ ಎಂದರು. ಈ ಸಲವೂ ಆ ಎಡಗಣ್ಣಿನದು ಉಳಿದರೆ...

ಅಕ್ಕ ಎಂಟನೇ ತಾರೀಖಿನ ಟಿಕೆಟ್ ತೆಗೆಸಿದಳು.

ಫೆಬ್ರವರಿ 3

ಚಳಿಗಾಲ ಕಳುಹಿಸುವ ದಿನ. ಅಕ್ಕ ಹುರಿದ ಕಾಳು ಎರಚಿ ಮನೆಯ ಪಿಶಾಚಿಗಳನ್ನು ಓಡಿಸಿದಳು. ಈ ಕೋಣೆಯ ಮುಂದೆ ಬಂದಾಗ ಮಾತ್ರ ದನಿ ತಗ್ಗಿಸಿ, ಒಂದೇ ಕಾಳು ಇಟ್ಟು ಹೋದಳು. ಹಾವಿಗೆ ಕಿವಿ ಕೇಳಿಸುವುದು ಅಷ್ಟಕ್ಕಷ್ಟೇ ಎಂದು ನಾನು ಹೇಳಲಿಲ್ಲ.

ಬಲಗಣ್ಣು ತಿಳಿಯಾಗಿದೆ. ಎಡಗಣ್ಣು ಇಲ್ಲ.

ಫೆಬ್ರವರಿ 6, ಸಂಜೆ

ಅಂಗಡಿಗೆ ಫೋನ್ ಬಂತು. ಅಕ್ಕ ಪಿಸುಗುಟ್ಟುತ್ತಿದ್ದಳು.

"ಮೂಗಿನ ಹತ್ರ ಬಿಚ್ಕೊಂಡಿದೆ ಕಣೇ. ಏನು ಮಾಡ್ಲಿ?"

"ಏನೂ ಮಾಡ್ಬೇಡ. ಮುಟ್ಬೇಡ."

"ಮುಟ್ಟಲ್ಲ ಮಾರಾಯ್ತಿ. ಕೈ ತೊಡೆ ಕೆಳಗೆ ಇಟ್ಕೊಂಡು ಕೂತಿದೀನಿ."

ಬಂದು ನೋಡಿದರೆ ಚಾಪೆಯ ಮೇಲೆ ಹಾಗೇ ಕೂತಿದ್ದಾಳೆ. ಕಾಲು ಜೋಮು ಹಿಡಿದು ಏಳಲಾಗುತ್ತಿಲ್ಲ. ಕಿನಾಕೊ ನೀರಿನ ಬಟ್ಟಲಿಗೆ ಗದ್ದ ಆನಿಸಿದ್ದಾಳೆ, ಹೊಸ ಹಿತ್ತಾಳೆಯ ಹಾಗೆ ಹೊಳೆಯುತ್ತಾ. ಪಾಚಿಯ ಪಕ್ಕ ಪೊರೆ, ಮೂತಿಯಿಂದ ಬಾಲದ ತುದಿಯವರೆಗೆ. ಹೊಟ್ಟೆಯಲ್ಲಿ ಎರಡು ಮೂರು ಹುರುಪೆ ಸೊಟ್ಟಗಿವೆ, ಅಷ್ಟೇ.

ಪೊರೆಯ ತಲೆಯನ್ನು ದೀಪಕ್ಕೆ ಹಿಡಿದೆವು. ಚೀಲದಿಂದ ಅಂಗಡಿಯ ಭೂತಗನ್ನಡಿ ತೆಗೆದೆ. ಬಲಗಣ್ಣಿನ ಜಾಗದಲ್ಲಿ ಒಂದು ಗುಂಡು ಹಾಳೆ. ಎಡಗಣ್ಣಿನದು ದಪ್ಪ.

"ಎರಡಿವೆ ಕಣೇ," ಅಂದಳು ಅಕ್ಕ. "ಒಂದರ ಮೇಲೊಂದು. ನೋಡು, ಹಳೇದೂ ಬಂದಿದೆ."

ಹೌದು. ಎರಡು. ಪೆಟ್ಟಿಗೆಯೊಳಗಿಂದ ಎರಡು ಕಣ್ಣೂ ಕಪ್ಪಗೆ, ತಿಳಿಯಾಗಿ ನಮ್ಮನ್ನೇ ನೋಡುತ್ತಿದ್ದವು. ಅಳು ಬಂದುಬಿಟ್ಟಿತು. ಅಳುತ್ತಲೇ ಬಾಯಿಂದ ಬಂತು, "ಹೋಗ್ಬೇಡ ಅಕ್ಕ."

ಅವಳು ಕಾಲು ತಿಕ್ಕಿಕೊಳ್ಳುತ್ತಾ ಕೂತಳು.

"ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಅಂದಳು. ಆಮೇಲೆ, "ಎಬ್ಬಿಸು ಮೊದಲು, ಕಾಲು ಹಿಡ್ಕೊಂಡಿದೆ."

ಈಗ ಆಚೆ ಕೋಣೆಯಲ್ಲಿ ಸಾಯೊಗೆ ಫೋನ್ ಮಾಡುತ್ತಿದ್ದಾಳೆ. ಗೋಡೆ ತೆಳು. ಎಲ್ಲ ಕೇಳಿಸುತ್ತದೆ.

"ಇಲ್ಲ, ಬರಲ್ಲ... ಬೇಜಾರು ಮಾಡ್ಕೋಬೇಡ... ಹಾವು ಕಣೇ, ನಮ್ಮದು. ಪೊರೆ ಬಿಡೋವಾಗ ಯಾರಾದ್ರೂ ಹತ್ರ ಇರ್ಬೇಕಲ್ಲ. ಮಿಯೊಗೆ ಎಲ್ಲಿ ತಾಳ್ಮೆ? ಮೂಗಿನ ತುದೀಲೇ ಕೋಪ. ಸಣ್ಣವಳಿದ್ದಾಗಿಂದ ಹಂಗೇ, ಒಂದ್ಸಲ ಏನಾಯ್ತು ಗೊತ್ತಾ —"

ಅಯ್ಯೋ, ಅದನ್ನು ಹೇಳಬೇಡ. ಹೋಗಿ ಫೋನ್ ಕಿತ್ತುಕೊಳ್ಳಬೇಕು.