ಅಪ್ಪನ ಗಾಡಿಯ ಹೆಡ್‌ಲೈಟು

ಅಣ್ಣಾ,

ಅಪ್ಪನ ಗಾಡಿಯ ಹೆಡ್‌ಲೈಟ್ ಸರಿಮಾಡಿದ್ದೇನೆ. ಮತ್ತೊಂದು ಬಲ್ಬ್ ತರಬೇಡ, ಕೆಟ್ಟಿದ್ದು ಬಲ್ಬ್ ಅಲ್ಲ. ಅತ್ತಿಗೆಗೆ ಇಷ್ಟ ಅಂತ ಗಾಡಿಗೆಲ್ಲ ಕೆಂಪು ಬಣ್ಣ ಹೊಡೆಸಿದೆಯಲ್ಲ, ಅರ್ಥ್ ವೈರ್ ಕೂರುವ ಜಾಗಕ್ಕೂ ಹೊಡೆದಿದ್ದಾರೆ. ಬಣ್ಣದ ಮೇಲೆ ಕೂತು ವೈರ್ ಕಬ್ಬಿಣಕ್ಕೆ ತಾಗದಿದ್ದರೆ ಲೈಟ್ ಹೇಗೆ ನಿಂತು ಉರಿಯಬೇಕು? ಅಷ್ಟು ಜಾಗ ಕೆರೆದು ವೈರ್ ಬಿಗಿದಿದ್ದೇನೆ. ಬಣ್ಣ ಹೋಯಿತು ಅಂತ ಅತ್ತಿಗೆಗೆ ಬೇಜಾರಾದರೆ ಆಗಲಿ.

ಅಪ್ಪ ಗಾಡಿ ಬಿಚ್ಚಿದಾಗಲೆಲ್ಲ ಪಕ್ಕದಲ್ಲಿ ಕೂತು ಪಾನಾ ಕೊಡುತ್ತಿದ್ದವಳು ನಾನು. ನನಗೂ ಓಡಿಸೋದು ಕಲಿಸು ಅಂತ ನಿನ್ನನ್ನು ಕೇಳಿದಾಗ ನೀನು, "ನಿನಗ್ಯಾಕ ಬೇಕವಾ ಗಾಡಿ, ಸುಮ್ನ ಮನ್ಯಾಗಿರು" ಅಂದೆ. ಮದುವೆಯಾಗಿ ಎರಡು ತಿಂಗಳಾಗಿಲ್ಲ, ಅತ್ತಿಗೆಯನ್ನು ಮುಂದೆ ಕೂರಿಸಿ ಮನೆ ಮುಂದೆಯೇ ಕಲಿಸುತ್ತಿದ್ದೀಯ. "ಕ್ಲಚ್ ನಿಧಾನಕ್ಕ ಬಿಡು, ನಾನದೀನಿ, ಹೆದರಬ್ಯಾಡ" ಅಂತ ನೀನು ಹೇಳುವುದು ಒಳಗೆ ರೊಟ್ಟಿ ಬಡಿಯುವ ನನಗೂ ಕೇಳುತ್ತದೆ. ನನ್ನ ಹತ್ತಿರ ಅಷ್ಟು ಮೆತ್ತಗೆ ಯಾವತ್ತು ಮಾತಾಡಿದ್ದೀಯ?

ಮಲ್ಲಿಗೆ ಬಿಡಿಸಲು ತೋಟಕ್ಕೆ ಹೋಗುತ್ತಿದ್ದೇನೆ. ಪಲ್ಯ ಬಿಸಿ ಮಾಡಿಕೊಳ್ಳಿ. ಗಾಡಿಯ ಕೀಲಿ ಹುಡುಕಬೇಡ, ನಾನೇ ಒಯ್ಯುತ್ತಿದ್ದೇನೆ. ಸಂಜೆ ಬಂದು ಕೊಡುತ್ತೇನೆ. ಇವತ್ತು ನನಗೆ ಕಲಿಸು. ಅತ್ತಿಗೆಯನ್ನು ಜೊತೆಗೆ ಕರೆಯಬೇಡ.

ಗಂಗಾ